ಸಭೆ ನಡೆಸುವುದು ಹೇಗೆ: ಸಂಘ, ಸಮಿತಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರು, ಮಾನ್ವಿ, ಕಾರಟಗಿ ಕಡೆಯ ಮಹಿಳಾ ಸಂಘ, ನೀರು ಬಳಕೆದಾರರ ಸಂಘ, ಜಾತ್ರೆ ಸಮಿತಿ, ಯುವಕ ಮಂಡಳಿ ಯಾವುದೇ ಇರಲಿ, ಸಭೆ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಂದೇ ಕಡೆ ಹಾಕಿದ್ದೇನೆ. ಪೂರ್ತಿ ಓದಲೇಬೇಕು ಅಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆ ಹುಡುಕಿ ಓದಿ. ಆದರೆ ನಡವಳಿ ಪುಸ್ತಕದ ಪ್ರಶ್ನೆಯನ್ನು ಮಾತ್ರ ಬಿಡಬೇಡಿ.

ನಮ್ಮದು ಹದಿನೈದು ಜನರ ಸಣ್ಣ ಸಂಘ. ನಮಗೂ ಇಷ್ಟೆಲ್ಲ ನಿಯಮ ಬೇಕಾ?

ಎಲ್ಲಾ ನಿಯಮ ಬೇಡ. ಹತ್ತು ಹನ್ನೆರಡು ಜನ ಸುತ್ತ ಕೂತು ಮಾತಾಡುವಾಗ ಎದ್ದು ನಿಂತು ಅಪ್ಪಣೆ ಕೇಳುವುದು, ಪ್ರತಿ ಮಾತಿಗೂ ಅನುಮೋದಕರನ್ನು ಹುಡುಕುವುದು ಬೇಕಿಲ್ಲ. ಆದರೆ ಮೂರು ಸಂಗತಿ ಎಷ್ಟೇ ಸಣ್ಣ ಸಂಘಕ್ಕೂ ಬೇಕು: ಒಂದು ಸಲಕ್ಕೆ ಒಂದೇ ವಿಷಯ, ಒಂದು ಸಲಕ್ಕೆ ಒಬ್ಬರೇ ಮಾತು, ಮತ್ತು ಏನು ತೀರ್ಮಾನ ಆಗುತ್ತಿದೆ ಅಂತ ಮತಕ್ಕೆ ಮೊದಲೇ ಬರೆದು ಗಟ್ಟಿಯಾಗಿ ಓದಿ ಹೇಳುವುದು. ಈ ಮೂರನೆಯದನ್ನೇ ನಮ್ಮಲ್ಲಿ ಎಲ್ಲರೂ ಬಿಟ್ಟುಬಿಡುತ್ತಾರೆ. ಒಂದು ತಾಸು ಮಾತಾಡಿ, "ಸರಿ, ಹಂಗೇ ಮಾಡೋಣ" ಅಂತ ಎದ್ದು ಹೋಗುತ್ತಾರೆ. "ಹಂಗೇ" ಅಂದರೆ ಹೆಂಗೆ ಅಂತ ಮರುದಿನ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ಯಾರ ದನಿ ಜೋರೋ ಅವರು ಹೇಳಿದ್ದೇ ತೀರ್ಮಾನ ಆಗುತ್ತದೆ.

ಈ ನಿಯಮಗಳನ್ನು ಮಾಡಿದ್ದು ಯಾರು? ನಾವು ಪಾಲಿಸಲೇಬೇಕಾ?

ಮೂಲ ಇಂಗ್ಲೆಂಡಿನ ಪಾರ್ಲಿಮೆಂಟಿನ ರೂಢಿ. ಅದನ್ನು ಸಾಮಾನ್ಯ ಸಂಘಗಳಿಗೆ ಒಗ್ಗುವ ಹಾಗೆ ಮಾಡಿ ಹೆಸರಾದವರು ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಅಮೆರಿಕದ ಸೇನಾ ಎಂಜಿನಿಯರ್. 1863ರಲ್ಲಿ ನ್ಯೂ ಬೆಡ್‌ಫರ್ಡ್ ಊರಿನ ಚರ್ಚೊಂದರ ಸಭೆಗೆ ಅವರನ್ನು ಅಧ್ಯಕ್ಷರಾಗಿ ಕೂರಿಸಿದರು. ಸಭೆ ಅವರ ಕೈ ಮೀರಿ ಹೋಯಿತು. ಆಮೇಲೆ ಅವರು ಈ ವಿಷಯವನ್ನೇ ಹಿಡಿದು ಕೂತು, 1876ರಲ್ಲಿ ಸಭಾ ನಿಯಮಗಳ ಪುಸ್ತಕ ತಂದರು. ಇವತ್ತಿಗೂ ಅಮೆರಿಕದ ಸಂಘಗಳು ಹೆಚ್ಚಾಗಿ ಅದನ್ನೇ ನೋಡುತ್ತವೆ.

ನಮಗೆ ಅದು ಕಾನೂನಲ್ಲ, ದಾರಿ ತೋರಿಸುವ ಪುಸ್ತಕ ಅಷ್ಟೇ. ನಿಮ್ಮ ಸಂಘ ಯಾವ ಕಾಯ್ದೆಯಲ್ಲಿ ನೋಂದಣಿ ಆಗಿದೆಯೋ ಅದೇ ಮೊದಲು. ಸಹಕಾರ ಸಂಘವಾದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, ಯುವಕ ಮಂಡಳಿ, ಕಲಾ ಸಂಘ ಅಂಥವಾದರೆ ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಅದರ ಕೆಳಗೆ ನಿಮ್ಮ ಬೈಲಾ, ಅಂದರೆ ನಿಮ್ಮ ಸಂಘದ್ದೇ ಬರೆದಿಟ್ಟ ನಿಯಮಾವಳಿ. ಬೈಲಾದಲ್ಲೂ ಇಲ್ಲದ್ದಕ್ಕೆ ಮಾತ್ರ ಈ ಸಾಮಾನ್ಯ ನಿಯಮಗಳು. ಗ್ರಾಮಸಭೆ, ವಾರ್ಡ್ ಸಭೆಗೆ ಪಂಚಾಯತ್ ರಾಜ್ ಕಾಯ್ದೆ ಬೇರೆಯೇ ಇದೆ, ಅದನ್ನು ಇದರ ಜೊತೆ ಬೆರೆಸಬೇಡಿ.

ಬೈಲಾ ಎಲ್ಲಿದೆ ಅಂತಲೇ ಗೊತ್ತಿಲ್ಲದ ಸಂಘಗಳು ಬಹಳ ಇವೆ. ಕಾರ್ಯದರ್ಶಿಯ ಮನೆಯ ಟ್ರಂಕಿನಲ್ಲಿ ಇರುತ್ತದೆ. ಈ ವಾರವೇ ಅದನ್ನು ತೆಗೆಸಿ ನಾಲ್ಕು ಜೆರಾಕ್ಸ್ ಮಾಡಿಸಿ.

ನೋಟಿಸ್ ಹೇಗೆ ಕೊಡಬೇಕು? ವಾಟ್ಸಾಪ್ ಸಾಕಾ?

ಎಷ್ಟು ದಿನ ಮೊದಲು ಕೊಡಬೇಕು ಅಂತ ಬೈಲಾದಲ್ಲಿ ಇರುತ್ತದೆ, ಅದನ್ನು ಮುರಿಯಬೇಡಿ. ವಾಟ್ಸಾಪ್ ಹಾಕಿ, ಬೇಡ ಅನ್ನಲ್ಲ. ಆದರೆ ಕೀಪ್ಯಾಡ್ ಫೋನ್ ಇಟ್ಟುಕೊಂಡವರು, ಫೋನೇ ಇಲ್ಲದವರು ಎಲ್ಲಾ ಸಂಘದಲ್ಲೂ ಇದ್ದಾರೆ. ಅವರಿಗೆ ಕೈಯಲ್ಲಿ ಚೀಟಿ ಕೊಟ್ಟು ನೋಟಿಸ್ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ. ನೋಟಿಸ್ ಮುಟ್ಟಲಿಲ್ಲ ಅಂತ ಒಬ್ಬರು ತಕರಾರು ತೆಗೆದರೂ ಸಭೆಯಲ್ಲಿ ಆದ ತೀರ್ಮಾನವೆಲ್ಲ ಅಲ್ಲಾಡುತ್ತದೆ.

ನೋಟಿಸಿನಲ್ಲಿ ದಿನ, ಹೊತ್ತು, ಜಾಗದ ಜೊತೆ ವಿಷಯಪಟ್ಟಿ ಇರಲೇಬೇಕು. "ಹಣಕಾಸಿನ ವಿಷಯ" ಅಂತ ಬರೆದರೆ ಏನೂ ಹೇಳಿದ ಹಾಗಾಗುವುದಿಲ್ಲ. "ಉಪಕಾಲುವೆ ಹೂಳು ತೆಗೆಸಲು ವಂತಿಗೆ ಹಾಕುವ ಬಗ್ಗೆ" ಅಂತ ಬರೆಯಿರಿ. ಆಗ ಯಾರಿಗೆ ಬೇಕೋ ಅವರು ಕೆಲಸ ಬಿಟ್ಟು ಬರುತ್ತಾರೆ.

ಎಲ್ಲಿ ಸೇರಬೇಕು, ಎಷ್ಟೊತ್ತಿಗೆ?

ಇದನ್ನು ನಿಯಮದ ಪುಸ್ತಕದಲ್ಲಿ ಬರೆಯುವುದಿಲ್ಲ, ಆದರೂ ಅರ್ಧ ಸಭೆ ಇದರಲ್ಲೇ ತೀರ್ಮಾನ ಆಗಿರುತ್ತದೆ. ಮುಖಂಡರ ಮನೆ ಪಡಸಾಲೆಯಲ್ಲಿ ಸೇರಿದರೆ ಕೆಲವರು ಒಳಗೇ ಬರುವುದಿಲ್ಲ, ಬಂದವರೂ ಬಾಗಿಲ ಹತ್ತಿರ ನಿಂತು ಹೋಗುತ್ತಾರೆ. ಗುಡಿ ಕಟ್ಟೆಯೂ ಎಲ್ಲರಿಗೂ ಸಮ ಅಲ್ಲ. ಶಾಲೆ, ಸಮುದಾಯ ಭವನ, ಅಂಗನವಾಡಿ ಅಂಗಳ ವಾಸಿ. ನಾಟಿ ಹೊತ್ತಿನಲ್ಲಿ, ಸಂತೆ ದಿನ ಇಡಬೇಡಿ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಎರಡಕ್ಕೆ ಕರೆದರೆ ಯಾರು ಬರುತ್ತಾರೆ ಹೇಳಿ. ಹೆಣ್ಣುಮಕ್ಕಳು ಇರುವ ಸಂಘವಾದರೆ ರಾತ್ರಿ ಅಡುಗೆ ಹೊತ್ತೂ ಬೇಡ.

ಕೋರಂ ಅಂದರೆ ಎಷ್ಟು ಜನ?

ತೀರ್ಮಾನ ಮಾಡಲು ಸಭೆಯಲ್ಲಿ ಇರಲೇಬೇಕಾದ ಕನಿಷ್ಠ ಜನ. ಲೋಕಸಭೆಗೆ ಸಂವಿಧಾನದ 100ನೇ ವಿಧಿ ಪ್ರಕಾರ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಅಂದರೆ 543 ಜನರಲ್ಲಿ 55. ನಮ್ಮ ವಿಧಾನಸಭೆಗೆ 189ನೇ ವಿಧಿ: 10 ಜನ ಅಥವಾ ಹತ್ತನೇ ಒಂದು ಭಾಗ, ಯಾವುದು ಜಾಸ್ತಿಯೋ ಅದು. 224 ಸದಸ್ಯರಿಗೆ ಲೆಕ್ಕ ಹಾಕಿದರೆ 23. ರಾಬರ್ಟ್ ನಿಯಮದಲ್ಲಿ ಬೈಲಾ ಏನೂ ಹೇಳದಿದ್ದರೆ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು. ನಿಮ್ಮದು ಎಷ್ಟು ಅಂತ ಬೈಲಾ ನೋಡಿ.

ಕೋರಂ ಆಗದಿದ್ದರೆ ಅರ್ಧ ತಾಸು ಕಾಯಿರಿ. ಆಮೇಲೂ ಆಗದಿದ್ದರೆ ಮುಂದಿನ ದಿನ ಗೊತ್ತು ಮಾಡಿ ಸಭೆ ಮುಂದೂಡಿ. ಕೂತವರು ಮಾತಾಡಿಕೊಳ್ಳಬಹುದು, ಆದರೆ ಠರಾವು ಮಾಡುವ ಹಾಗಿಲ್ಲ. ಪುಸ್ತಕ ತಗೊಂಡು ಮನೆ ಮನೆಗೆ ಹೋಗಿ ಸಹಿ ಹಾಕಿಸಿ ಕೋರಂ ತುಂಬಿಸುವ ರೂಢಿ ಇದೆಯಲ್ಲ, ಅದು ಸುಳ್ಳು ದಾಖಲೆ. ದಯವಿಟ್ಟು ಮಾಡಬೇಡಿ, ಮಾಡಲು ಬಿಡಲೂ ಬೇಡಿ. ಇನ್ನೊಂದು, ಶುರುವಿನಲ್ಲಿ ಕೋರಂ ಇದ್ದು ನಡುವೆ ಜನ ಎದ್ದು ಹೋದರೆ ಯಾರು ಬೇಕಾದರೂ "ಎಣಿಸಿ" ಅಂತ ಕೇಳಬಹುದು. ಕೇಳಿದ ಮೇಲೆ ಎಣಿಸಲೇಬೇಕು.

ಠರಾವು ಮಂಡಿಸುವುದು ಹೇಗೆ?

ಕ್ರಮ ಹೀಗೆ. ಸದಸ್ಯರೊಬ್ಬರು ಅಧ್ಯಕ್ಷರ ಅಪ್ಪಣೆ ಪಡೆದು "ಉಪಕಾಲುವೆ ಹೂಳು ತೆಗೆಸಲು ಎಕರೆಗೆ 100 ರೂಪಾಯಿ ವಂತಿಗೆ ಹಾಕಬೇಕು ಅಂತ ಸೂಚಿಸುತ್ತೇನೆ" ಅನ್ನುತ್ತಾರೆ. ಇನ್ನೊಬ್ಬರು "ಅನುಮೋದಿಸುತ್ತೇನೆ" ಅನ್ನುತ್ತಾರೆ. ಅಧ್ಯಕ್ಷರು ಆ ಮಾತನ್ನೇ ಮತ್ತೊಮ್ಮೆ ಸಭೆಗೆ ಓದಿ ಹೇಳುತ್ತಾರೆ. ಚರ್ಚೆ ನಡೆಯುತ್ತದೆ. ಮುಗಿದ ಮೇಲೆ ಇನ್ನೊಮ್ಮೆ ಓದಿ ಮತಕ್ಕೆ ಹಾಕುತ್ತಾರೆ. ಫಲಿತಾಂಶ ಗಟ್ಟಿಯಾಗಿ ಹೇಳುತ್ತಾರೆ. ಇಷ್ಟೇ.

ಇಲ್ಲಿ ಮುಖ್ಯ ಏನೆಂದರೆ, ಮೊದಲು ಠರಾವು, ಆಮೇಲೆ ಚರ್ಚೆ. ನಮ್ಮಲ್ಲಿ ಉಲ್ಟಾ. ಮೊದಲು ಎಲ್ಲರೂ ಮಾತಾಡುತ್ತಾರೆ, ಕೊನೆಗೆ ಯಾರೋ ಒಬ್ಬರು "ಹಂಗಾದ್ರೆ ಬರ್ಕೊಳ್ರಿ" ಅಂತ ತಮಗೆ ತಿಳಿದದ್ದನ್ನು ಬರೆಸುತ್ತಾರೆ. ಎದುರಿಗೆ ಒಂದು ಖಚಿತ ವಾಕ್ಯ ಇದ್ದರೆ ಮಾತು ಅದರ ಸುತ್ತಲೇ ಇರುತ್ತದೆ. ಹಿಂದಿನ ವರ್ಷದ ಜಗಳ, ಅವರ ಮನೆ ಇವರ ಮನೆ ಸುದ್ದಿ ಬಂದರೆ "ಠರಾವಿನ ಮೇಲೆ ಮಾತಾಡಿ" ಅಂತ ಅಧ್ಯಕ್ಷರು ಹೇಳಬಹುದು. ಠರಾವೇ ಇಲ್ಲದಿದ್ದರೆ ಏನಂತ ಹೇಳುತ್ತಾರೆ?

ಅನುಮೋದಕರು ಯಾಕೆ ಬೇಕು?

ಒಬ್ಬರಿಗೆ ಬಿಟ್ಟು ಇನ್ಯಾರಿಗೂ ಬೇಡದ ವಿಷಯಕ್ಕೆ ಎಲ್ಲರ ಹೊತ್ತು ಹಾಳಾಗಬಾರದು ಅಂತ. ಅನುಮೋದಿಸಿದವರು ಠರಾವಿಗೆ ಒಪ್ಪಿದ್ದಾರೆ ಅಂತ ಅರ್ಥ ಅಲ್ಲ. "ಚರ್ಚೆ ಆಗಲಿ" ಅಂದರು, ಅಷ್ಟೇ. ಆಮೇಲೆ ಅದರ ವಿರುದ್ಧ ಮತ ಹಾಕಬಹುದು.

ತಿದ್ದುಪಡಿ ಬಂದರೆ ಯಾವುದಕ್ಕೆ ಮೊದಲು ಮತ?

ತಿದ್ದುಪಡಿಗೇ ಮೊದಲು. ಮೇಲಿನ ಉದಾಹರಣೆಯನ್ನೇ ತಗೊಳ್ಳಿ. ಎಕರೆಗೆ 100 ರೂಪಾಯಿ ಅಂತ ಠರಾವು ಇದೆ. ಕೊನೇ ಭಾಗದ ರೈತರೊಬ್ಬರು ಎದ್ದು, "ನಮ್ಮ ಹೊಲಕ್ಕೆ ನೀರು ಬರುವುದೇ ಕಷ್ಟ, ಕೊನೇ ತೂಬಿನ ಕೆಳಗಿನವರಿಗೆ 50 ರೂಪಾಯಿ ಅಂತ ಸೇರಿಸಬೇಕು" ಅನ್ನುತ್ತಾರೆ. ಇನ್ನೊಬ್ಬರು ಅನುಮೋದಿಸುತ್ತಾರೆ. ಈಗ ಚರ್ಚೆ ಈ 50 ರೂಪಾಯಿ ಮೇಲೆ ಮಾತ್ರ. ಮತ ಹಾಕಿ. ಗೆದ್ದರೆ ಠರಾವು "ಎಕರೆಗೆ 100, ಕೊನೇ ತೂಬಿನ ಕೆಳಗೆ 50" ಅಂತ ಆಯಿತು. ಸೋತರೆ ಮೊದಲಿನ ಹಾಗೇ 100 ಉಳಿಯಿತು. ಎರಡರಲ್ಲಿ ಯಾವುದೇ ಆದರೂ ಠರಾವು ಇನ್ನೂ ಪಾಸಾಗಿಲ್ಲ! ಅದಕ್ಕೆ ಬೇರೆ ಮತ ಹಾಕಬೇಕು. ತಿದ್ದುಪಡಿ ಗೆದ್ದ ಕೂಡಲೇ ಎಲ್ಲ ಮುಗಿಯಿತು ಅಂತ ಪುಸ್ತಕ ಮುಚ್ಚುವುದನ್ನು ಜಾಸ್ತಿ ಕಡೆ ನೋಡುತ್ತೇವೆ.

ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ ತರಬಹುದು, ಉದಾಹರಣೆಗೆ 50ರ ಬದಲು 60. ಅದರ ಮೇಲೆ ಮತ್ತೊಂದು ಬೇಡ, ಯಾರಿಗೂ ತಲೆಬುಡ ಗೊತ್ತಾಗುವುದಿಲ್ಲ. ತಿದ್ದುಪಡಿ ವಿಷಯಕ್ಕೆ ಸಂಬಂಧಪಟ್ಟದ್ದೇ ಆಗಿರಬೇಕು. ಹೂಳಿನ ಠರಾವಿಗೆ ಗುಡಿಗೆ ಬಣ್ಣ ಹೊಡೆಸುವುದನ್ನು ಸೇರಿಸುವಂತಿಲ್ಲ. "ವಂತಿಗೆ ಹಾಕಬಾರದು" ಅನ್ನುವುದೂ ತಿದ್ದುಪಡಿ ಅಲ್ಲ. ಅಂಥವರು ಠರಾವಿನ ವಿರುದ್ಧ ಮತ ಹಾಕಿದರೆ ಸಾಕು.

ಒಬ್ಬರೇ ಮಾತಾಡುತ್ತಾ ಹೋದರೆ ಏನು ಮಾಡುವುದು?

ಸಭೆ ಶುರುವಾಗುವಾಗಲೇ ಹೊತ್ತು ಗೊತ್ತು ಮಾಡಿ. ರಾಬರ್ಟ್ ನಿಯಮದಲ್ಲಿ ಒಬ್ಬರಿಗೆ ಒಂದು ವಿಷಯದ ಮೇಲೆ ಒಂದು ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 10 ನಿಮಿಷ. ನಮ್ಮ ಸಂಘಗಳಿಗೆ ಮೂರು ನಿಮಿಷ ಸಾಕು. ಇನ್ನೂ ಮುಖ್ಯ, ಒಮ್ಮೆಯೂ ಮಾತಾಡದವರು ಕೈ ಎತ್ತಿದರೆ ಅವರಿಗೇ ಮೊದಲು ಅವಕಾಶ, ಎರಡನೇ ಸಲ ಮಾತಾಡುವವರು ಕಾಯಬೇಕು. ಈ ಒಂದು ನಿಯಮ ಜಾರಿಗೆ ತಂದು ನೋಡಿ. ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು ಹೋಗುತ್ತಿದ್ದವರು ಬಾಯಿ ಬಿಡುತ್ತಾರೆ. ಕಾಲುವೆಯ ಮೇಲ್ಭಾಗದವರೇ ಮಾತಾಡಿ ಮುಗಿಸಿದರೆ ಕೊನೇ ಭಾಗಕ್ಕೆ ನೀರು ಯಾಕೆ ಮುಟ್ಟುತ್ತಿಲ್ಲ ಅನ್ನುವುದು ಸಭೆಗೆ ಗೊತ್ತೇ ಆಗುವುದಿಲ್ಲ.

ಚರ್ಚೆ ಸಾಕು, ಮತ ಹಾಕೋಣ ಅಂತ ಯಾರಾದರೂ ಸೂಚಿಸಬಹುದು. ಅದಕ್ಕೆ ರಾಬರ್ಟ್ ನಿಯಮ ಮೂರನೇ ಎರಡು ಭಾಗ ಮತ ಕೇಳುತ್ತದೆ, ಬರೀ ಬಹುಮತ ಸಾಲದು. ಇನ್ನೊಬ್ಬರ ಮಾತಾಡುವ ಹಕ್ಕನ್ನು ಕಿತ್ತುಕೊಳ್ಳುತ್ತಿದ್ದೀರಿ, ಅದಕ್ಕೆ ಹೆಚ್ಚು ಜನರ ಒಪ್ಪಿಗೆ ಬೇಕು. ನ್ಯಾಯವೇ ಅಲ್ವಾ?

ಅಧ್ಯಕ್ಷರು ಮಾತಾಡಬಹುದಾ? ಮತ ಹಾಕಬಹುದಾ?

ಸಣ್ಣ ಸಮಿತಿಯಲ್ಲಿ ಎಲ್ಲರ ಹಾಗೆ ಮಾತಾಡಬಹುದು, ಮತವನ್ನೂ ಹಾಕಬಹುದು. ದೊಡ್ಡ ಸಭೆಯಲ್ಲಿ ಬೇಡ. ನೂರು ಜನರ ಸರ್ವಸದಸ್ಯರ ಸಭೆಯಲ್ಲಿ ಅಧ್ಯಕ್ಷರೇ "ನನ್ನ ಪ್ರಕಾರ" ಅಂತ ಶುರು ಮಾಡಿದರೆ ಎದುರು ಮಾತಾಡಲು ಎಷ್ಟು ಜನಕ್ಕೆ ಧೈರ್ಯ ಬರುತ್ತದೆ? ಮಾತಾಡಲೇಬೇಕಿದ್ದರೆ ಆ ವಿಷಯ ಮುಗಿಯುವ ತನಕ ಕುರ್ಚಿಯನ್ನು ಉಪಾಧ್ಯಕ್ಷರಿಗೆ ಬಿಟ್ಟು ಕೆಳಗೆ ಬಂದು ಕೂತು ಮಾತಾಡಲಿ. ತಮ್ಮದೇ ಬಿಲ್ಲು, ತಮ್ಮದೇ ನೆಂಟರ ಗುತ್ತಿಗೆ ವಿಷಯ ಬಂದಾಗಲಂತೂ ಕುರ್ಚಿಯಲ್ಲಿ ಇರಲೇಬಾರದು.

ಲೋಕಸಭೆಯಲ್ಲಿ ಸ್ಪೀಕರ್ ಮೊದಲು ಮತ ಹಾಕುವುದಿಲ್ಲ. ಎರಡೂ ಕಡೆ ಸಮ ಬಂದರೆ ಮಾತ್ರ ನಿರ್ಣಾಯಕ ಮತ ಹಾಕುತ್ತಾರೆ. ನಿಮ್ಮ ಬೈಲಾ ಅಧ್ಯಕ್ಷರಿಗೆ ನಿರ್ಣಾಯಕ ಮತ ಕೊಟ್ಟಿದೆಯಾ ನೋಡಿ. ಕೊಟ್ಟಿಲ್ಲದಿದ್ದರೆ ಸಮ ಬಂದ ಠರಾವು ಬಿದ್ದು ಹೋದಂತೆ.

ಬಹುಮತ ಲೆಕ್ಕ ಹಾಕುವುದು ಹೇಗೆ? ಸುಮ್ಮನಿದ್ದವರನ್ನು ಯಾವ ಕಡೆ ಸೇರಿಸಬೇಕು?

ಯಾವ ಕಡೆಗೂ ಇಲ್ಲ. 21 ಜನ ಇದ್ದಾರೆ, ಪರ 9, ವಿರುದ್ಧ 7, ಸುಮ್ಮನಿದ್ದವರು 5 ಅಂದುಕೊಳ್ಳಿ. ಠರಾವು ಪಾಸ್. ಮತ ಹಾಕಿದವರ ಲೆಕ್ಕ ಮಾತ್ರ. ಬೈಲಾದಲ್ಲಿ "ಹಾಜರಿದ್ದ ಸದಸ್ಯರ ಬಹುಮತ" ಅಂತ ಇದ್ದರೆ ಮಾತ್ರ 11 ಬೇಕು, ಆಗ ಇದೇ ಠರಾವು ಬೀಳುತ್ತದೆ. ಒಂದು ಶಬ್ದದಿಂದ ಫಲಿತಾಂಶವೇ ಬದಲಾಗುತ್ತದೆ, ಅದಕ್ಕೇ ಬೈಲಾ ಕೈಯಲ್ಲಿ ಇಟ್ಟುಕೊಂಡೇ ಸಭೆಗೆ ಬನ್ನಿ ಅನ್ನುವುದು.

ಸಣ್ಣಪುಟ್ಟ ವಿಷಯಕ್ಕೆ ಧ್ವನಿಮತ ಸಾಕು. ಅನುಮಾನ ಬಂದರೆ ಕೈ ಎತ್ತಿಸಿ ಎಣಿಸಿ. ಪದಾಧಿಕಾರಿಗಳ ಆಯ್ಕೆ, ಒಬ್ಬರನ್ನು ಸಂಘದಿಂದ ತೆಗೆಯುವ ವಿಷಯ ಬಂದರೆ ಚೀಟಿ ಹಾಕಿಸಿ. ಸಾಲ ಕೊಟ್ಟ ಧಣಿ ಎದುರಿಗೇ ಕೂತಿರುವಾಗ ಕೈ ಎತ್ತಿ ಅಂದರೆ ಆ ಕೈ ಯಾರದ್ದು ಅಂತ ಎಲ್ಲರಿಗೂ ಗೊತ್ತು.

"ಸರ್ವಾನುಮತದಿಂದ" ಅಂತ ಬರೆಯಲೇಬೇಕಾ?

ಬೇಡವೇ ಬೇಡ. ನಮ್ಮ ಕಡೆ ಪುಸ್ತಕ ತೆರೆದರೆ ಎಲ್ಲಾ ಪುಟದಲ್ಲೂ ಸರ್ವಾನುಮತವೇ. ಇಬ್ಬರು ಬೇಡ ಅಂದಿದ್ದರೆ "ಪರ 14, ವಿರುದ್ಧ 2" ಅಂತಲೇ ಬರೆಯಿರಿ. ಒಡಕು ಕಾಣುತ್ತದೆ ಅಂತ ಹಿರಿಯರು ಅನ್ನುತ್ತಾರೆ. ಆದರೆ ಬೇಡ ಅಂದವರ ಮಾತನ್ನು ಅಳಿಸಿ ಒಗ್ಗಟ್ಟು ತೋರಿಸಿದರೆ ಅವರು ಮುಂದಿನ ಸಭೆಗೆ ಬರುವುದೇ ಇಲ್ಲ. ನಿಜವಾಗಿ ಯಾರ ತಕರಾರೂ ಇಲ್ಲದಿದ್ದರೆ ಅಧ್ಯಕ್ಷರು "ಯಾರದಾದರೂ ಆಕ್ಷೇಪ ಇದೆಯಾ?" ಅಂತ ಕೇಳಿ, ನಾಲ್ಕು ಕ್ಷಣ ಕಾದು, ಇಲ್ಲ ಅಂತಾದರೆ ಸರ್ವಾನುಮತ ಅಂತ ಧಾರಾಳವಾಗಿ ಬರೆಸಲಿ.

ಕ್ರಿಯಾಲೋಪ ಅಂದರೇನು?

ನಿಯಮ ತಪ್ಪಿದೆ ಅಂತ ಎದ್ದು ಹೇಳುವುದು. ಕೋರಂ ಇಲ್ಲ, ವಿಷಯಪಟ್ಟಿಯಲ್ಲಿ ಇಲ್ಲದ್ದು ಬಂತು, ಮತ ಎಣಿಸಿಲ್ಲ, ಇಂಥದ್ದಕ್ಕೆ. ಇದಕ್ಕೆ ಸರದಿ ಕಾಯಬೇಕಿಲ್ಲ, ಬೇರೆಯವರ ಮಾತಿನ ನಡುವೆಯೂ ಎದ್ದು ಹೇಳಬಹುದು. ಅಧ್ಯಕ್ಷರು ಆ ಕೂಡಲೇ ಸರಿ ಅಥವಾ ತಪ್ಪು ಅಂತ ಹೇಳಬೇಕು. ಎದುರಿನವರ ಮಾತು ಹಿಡಿಸಲಿಲ್ಲ ಅಂತ ಎದ್ದರೆ ಅದು ಕ್ರಿಯಾಲೋಪ ಅಲ್ಲ, ಅಡ್ಡಬಾಯಿ.

ಒಮ್ಮೆ ಮಾಡಿದ ಠರಾವನ್ನು ಬದಲಾಯಿಸಬಹುದಾ?

ಬಹುದು, ಆದರೆ ಗುಟ್ಟಾಗಿ ಅಲ್ಲ. ಮುಂದಿನ ಸಭೆಯ ನೋಟಿಸಿನಲ್ಲಿ "ಇಂಥ ದಿನದ ಇಂಥ ಠರಾವನ್ನು ರದ್ದು ಮಾಡುವ ಬಗ್ಗೆ" ಅಂತ ಬರೆದು ಚರ್ಚಿಸಿ ಮತಕ್ಕೆ ಹಾಕಿ. ಅದೇ ಸಭೆಯಲ್ಲಿ ಮರುಪರಿಶೀಲನೆ ಬೇಕಿದ್ದರೆ, ರಾಬರ್ಟ್ ನಿಯಮದ ಪ್ರಕಾರ, ಗೆದ್ದ ಕಡೆ ಮತ ಹಾಕಿದವರೇ ಅದನ್ನು ಕೇಳಬೇಕು. ಇಲ್ಲದಿದ್ದರೆ ಸೋತವರು ರಾತ್ರಿಯೆಲ್ಲ ಅದನ್ನೇ ಕೇಳುತ್ತಾ ಕೂರುತ್ತಾರೆ. ಆಗಲೇ ಹಣ ಖರ್ಚಾಗಿದ್ದರೆ, ಕೆಲಸ ಮುಗಿದಿದ್ದರೆ ರದ್ದು ಮಾಡಿ ಪ್ರಯೋಜನವಿಲ್ಲ.

ತುರ್ತು ಸಭೆ ಕರೆಯಬಹುದಾ?

ಬಹುದು, ಬೈಲಾದಲ್ಲಿ ಅವಕಾಶ ಇದ್ದರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋಯಿತಲ್ಲ, ಅಂಥ ಹೊತ್ತಿನಲ್ಲಿ ಇಷ್ಟು ದಿನದ ನೋಟಿಸ್ ಅಂತ ಕೂರಲು ಆಗುವುದಿಲ್ಲ. ಆದರೆ ತುರ್ತು ಸಭೆಯಲ್ಲಿ ಯಾವುದಕ್ಕೆ ಕರೆದಿದ್ದೀರೋ ಅದು ಮಾತ್ರ. ನೀರಿನ ವಿಷಯಕ್ಕೆ ಕರೆದು ಖಜಾಂಚಿಯನ್ನು ಬದಲಾಯಿಸಿದರೆ ಅದು ಮೋಸ. "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಅಂತ ಕೊನೆಗೆ ಹಾಕುತ್ತಾರಲ್ಲ, ಅದಕ್ಕೂ ಇದೇ ಮಾತು. ದೊಡ್ಡ ಖರ್ಚು, ಆಯ್ಕೆ, ಬೈಲಾ ತಿದ್ದುಪಡಿಯನ್ನು ಆ ಬಾಗಿಲಿನಿಂದ ಒಳಗೆ ತರಬೇಡಿ.

ನಡವಳಿ ಪುಸ್ತಕದಲ್ಲಿ ಏನು ಬರೆಯಬೇಕು?

ಯಾರು ಏನು ಮಾತಾಡಿದರು ಅಂತ ಅಲ್ಲ, ಏನು ತೀರ್ಮಾನ ಆಯಿತು ಅಂತ. ಸಭೆಯ ದಿನ, ಹೊತ್ತು, ಜಾಗ, ಅಧ್ಯಕ್ಷತೆ ಯಾರದು, ಎಷ್ಟು ಜನ ಹಾಜರು, ಹಿಂದಿನ ನಡವಳಿ ಓದಿ ಒಪ್ಪಿದ್ದು, ಪ್ರತಿ ಠರಾವಿನ ಪೂರ್ತಿ ವಾಕ್ಯ, ಸೂಚಕರು, ಅನುಮೋದಕರು, ಮತದ ಲೆಕ್ಕ. ಮೊತ್ತ ಇದ್ದರೆ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಕೆಲಸ ಯಾರಿಗೆ ಒಪ್ಪಿಸಿದ್ದೀರಿ, ಯಾವ ದಿನದ ಒಳಗೆ ಅನ್ನುವುದೂ ಇರಲಿ.

ಈಗ ಪುಟವನ್ನೇ ಹತ್ತಿರದಿಂದ ನೋಡೋಣ. ಜಾಸ್ತಿ ಕಡೆ ಏನಾಗುತ್ತದೆ ಎಂದರೆ, ಜನ ಬಂದ ಕೂಡಲೇ ಪುಸ್ತಕ ಕೊಟ್ಟು ಸಹಿ ಹಾಕಿಸುತ್ತಾರೆ. ಪುಟದ ಮೇಲ್ಭಾಗ ಖಾಲಿ, ಕೆಳಗೆ ಇಪ್ಪತ್ತು ಸಹಿ, ನಾಲ್ಕು ಹೆಬ್ಬೆಟ್ಟು. ಠರಾವು ಬರೆಯುವುದು ಆಮೇಲೆ, ಕೆಲವೊಮ್ಮೆ ಮರುದಿನ, ಕಾರ್ಯದರ್ಶಿ ಮನೆಯಲ್ಲಿ. ಆ ಖಾಲಿ ಜಾಗದಲ್ಲಿ ಏನು ಬೇಕಾದರೂ ಬರೆಯಬಹುದು. ಬ್ಯಾಂಕಿನಿಂದ ಸಾಲ ತೆಗೆಯುವ ಠರಾವೂ ಬರಬಹುದು. ಕೆಳಗೆ ನಿಮ್ಮದೇ ಸಹಿ ಇದೆ, ಇಲ್ಲ ಅನ್ನಲು ಆಗುವುದಿಲ್ಲ.

ಹಾಗಾಗಿ ಹಾಜರಾತಿಗೆ ಬೇರೆ ಪುಟ ಇಡಿ, ಮೇಲೆ "ಹಾಜರಾತಿ ಮಾತ್ರ" ಅಂತ ಬರೆಯಿರಿ. ನಡವಳಿಯನ್ನು ಸಭೆಯಲ್ಲೇ ಬರೆಯಿರಿ. ಪ್ರತಿ ಠರಾವಿಗೆ ನಂಬರ್ ಹಾಕಿ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಉಳಿದ ಜಾಗಕ್ಕೆ ಅಡ್ಡಗೀಟು ಹಾಕಿ. ಗಟ್ಟಿಯಾಗಿ ಓದಿ. ಆಮೇಲೆ ಸಹಿ. ತಪ್ಪಾದರೆ ವೈಟ್ನರ್ ಬೇಡ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದ್ದು ಬರೆದು ಅಧ್ಯಕ್ಷರು ಚಿಕ್ಕ ಸಹಿ ಹಾಕಲಿ. ಪುಟಗಳಿಗೆ ಮೊದಲೇ ನಂಬರ್ ಇರಲಿ. ಓದು ಬಾರದವರು "ಮೊದಲು ಓದಿ ಹೇಳ್ರಿ, ಆಮೇಲೆ ಹೆಬ್ಬೆಟ್ಟು" ಅಂತ ಕೇಳುವುದು ಅವರ ಹಕ್ಕು. ಸ್ವಸಹಾಯ ಸಂಘಗಳ ಪಂಚಸೂತ್ರದಲ್ಲಿ ಸಭೆ, ಉಳಿತಾಯ, ಸಾಲ, ಮರುಪಾವತಿ ಜೊತೆ ಪುಸ್ತಕ ಬರೆಯುವುದನ್ನೂ ಸೇರಿಸಿರುವುದು ಇದಕ್ಕೇ.

ಸದಸ್ಯೆಯ ಬದಲು ಗಂಡ ಬಂದು ಕೂತರೆ?

ಸದಸ್ಯತ್ವ ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ ಮಾತು, ಮತ. ಗಂಡ, ಮಗ, ಮೈದುನ ಯಾರೇ ಬಂದರೂ ಹೊರಗೆ ಚಹಾ ಕುಡಿಯಲಿ. ಅಧ್ಯಕ್ಷೆಯ ಗಂಡ ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಸಭೆಯಲ್ಲಿ ಮೊದಲ ಕ್ರಿಯಾಲೋಪ ಅದೇ.

ಅಧ್ಯಕ್ಷರು ಸಿಟ್ಟಿನಿಂದ "ಸಭೆ ಬರ್ಖಾಸ್ತು" ಅಂತ ಎದ್ದು ಹೋದರೆ?

ಸಭೆ ಅಧ್ಯಕ್ಷರದ್ದಲ್ಲ, ಸದಸ್ಯರದ್ದು. ಮುಗಿಸುವುದಕ್ಕೂ ಸಭೆಯ ಒಪ್ಪಿಗೆ ಬೇಕು. ನಿಜವಾಗಿ ಕೈ ಕೈ ಮಿಲಾಯಿಸುವ ಸ್ಥಿತಿ ಬಂದಿದ್ದರೆ ಅರ್ಧ ತಾಸು ನಿಲ್ಲಿಸುವುದು ಸರಿ. ಆದರೆ ಲೆಕ್ಕ ಕೇಳಿದ್ದಕ್ಕೆ ಎದ್ದು ಹೋದರೆ, ಉಳಿದವರು ಕೂತಲ್ಲೇ ಇರಿ. ಕೋರಂ ಇದೆಯಾ ಎಣಿಸಿ. ಇದ್ದರೆ ಉಪಾಧ್ಯಕ್ಷರು ಕುರ್ಚಿಗೆ ಬರಲಿ, ಅವರೂ ಇಲ್ಲದಿದ್ದರೆ ಒಬ್ಬರನ್ನು ಆ ಸಭೆ ಮಟ್ಟಿಗೆ ಅಧ್ಯಕ್ಷರನ್ನಾಗಿ ಸೂಚಿಸಿ, ಅನುಮೋದಿಸಿ, ಮತ ಹಾಕಿ. ಎದ್ದು ಹೋದವರ ಬಗ್ಗೆ ಕೆಟ್ಟ ಮಾತು ಬರೆಯಬೇಡಿ, "ಅಧ್ಯಕ್ಷರು ಇಷ್ಟು ಗಂಟೆಗೆ ಸಭೆಯಿಂದ ಹೊರಟರು" ಅಂತ ಮಾತ್ರ ಬರೆದು ಮುಂದಿನ ವಿಷಯಕ್ಕೆ ಹೋಗಿ. ಪುಸ್ತಕವನ್ನೂ ಅವರೇ ಎತ್ತಿಕೊಂಡು ಹೋಗಿದ್ದರೆ ಬಿಳಿ ಹಾಳೆಯಲ್ಲಿ ಬರೆದು, ಗೆರೆ ಎಳೆದು, ಓದಿ, ಎಲ್ಲರ ಸಹಿ ಹಾಕಿಸಿ, ಅವತ್ತೇ ಫೋಟೊ ತೆಗೆದು ಎಲ್ಲರಿಗೂ ಕಳಿಸಿ. ಕಾಯ್ದೆ ಪ್ರಕಾರ ಆ ಕಾಪಿ ಯಾರಿಗೆ ಹೋಗಬೇಕೋ ಅವರಿಗೆ ಒಂದು ಕೊಟ್ಟು ಸ್ವೀಕೃತಿ ತಗೊಳ್ಳಿ.